ನೂರು ಬಾರ್, ಆರು ಲೀಟರ್

ನಮ್ಮ ಕಟ್ಟಡದ ನೋಟಿಸ್ ಬೋರ್ಡಿನಲ್ಲಿ 2019ರ ಜೂನ್‌ನಲ್ಲಿ ಅಂಟಿಸಿದ ಹಾಳೆಯೊಂದು ಇವತ್ತಿಗೂ ಇದೆ. ಶಾಯಿ ಕಂದಿದೆ, ಒಂದು ಮೂಲೆ ಮಡಚಿಕೊಂಡಿದೆ, ಆದರೂ ಯಾರೂ ಅದನ್ನು ಕಿತ್ತಿಲ್ಲ. ಪೈಪು ಹಿಡಿದು ಕಾರು ತೊಳೆಯುವಂತಿಲ್ಲ ಎಂಬುದು ಅದರಲ್ಲಿರುವ ಮೂರನೆಯ ನಿಯಮ. ದಿನಕ್ಕೆ ಎರಡೇ ಹೊತ್ತು ನೀರು ಬಿಡುವುದು, ಟ್ಯಾಂಕರಿನ ಖರ್ಚನ್ನು ಎಲ್ಲ ಮನೆಗೂ ಸಮನಾಗಿ ಹಂಚುವುದು ಎಂಬ ಮೊದಲೆರಡು ನಿಯಮಗಳು ಆ ವರ್ಷ ಮಳೆ ಬಿದ್ದ ಮೇಲೆ ತಾವಾಗಿಯೇ ಸತ್ತುಹೋದವು. ಮೂರನೆಯದು ಮಾತ್ರ ಉಳಿಯಿತು.

ನಾವಿರುವುದು ಚೆನ್ನೈನ ಮಡಿಪಾಕ್ಕಂನಲ್ಲಿ. 10 ಮನೆ, ಒಂದು ಬೋರು, ಒಂದು ಸಂಪು. ಆ ಬೇಸಿಗೆಯಲ್ಲಿ ಊರಿಗೆ ನೀರು ಕೊಡುವ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಕೆರೆಗಳು ತಳ ಕಂಡಿದ್ದವು. ಜುಲೈ 12ರಂದು ಜೋಲಾರಪೇಟೆಯಿಂದ ವಿಲ್ಲಿವಾಕ್ಕಂಗೆ 50 ವ್ಯಾಗನ್ನಿನ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಅದು ಕಾವೇರಿ ನೀರು. ಮಂಡ್ಯದಲ್ಲಿರುವ ನಮ್ಮವ್ವ ಟೀವಿಯಲ್ಲಿ ನೋಡಿ ಫೋನು ಮಾಡಿ, "ಕಾವೇರಮ್ಮ ರೈಲು ಹತ್ಕಂಡು ನಿಮ್ಮೂರಿಗೆ ಬತ್ತಾವ್ಳಂತಲ್ಲವ್ವ" ಎಂದಿದ್ದಳು. ಅದರಲ್ಲಿ ಕೊಂಕೆಷ್ಟು, ಮಗಳ ಮನೆಯ ಚಿಂತೆ ಎಷ್ಟು ಎಂದು ಬಿಡಿಸಿ ಹೇಳಲಾರೆ.

ಇಂಥ ಕಟ್ಟಡಕ್ಕೆ ಪ್ರೆಶರ್ ವಾಷರ್ ತರುತ್ತೇನೆ ಎಂದು 2023ರ ಫೆಬ್ರವರಿಯಲ್ಲಿ ನಾನು ಹೇಳಿದಾಗ ಮನೆಯವರೇ ಮೊದಲು ನಕ್ಕರು. "ಬಿಂದಿಗೆ ಎಣಿಸಿ ಬದುಕಿದ ಮನೇಲಿ ಕಾರಿಗೆ ಕಾರಂಜಿ" ಎಂದರು. ಅವರು ಕಾರು ಓಡಿಸುವುದಿಲ್ಲ. ಕಾರು ನನ್ನದು, ಓಡಿಸುವವಳು ನಾನು, ತೊಳೆಯುವವಳೂ ನಾನೇ. ಭಾನುವಾರ ಬೆಳಿಗ್ಗೆ ಎರಡು ಬಕೆಟ್ ನೀರು, ಒಂದು ಹಳೆಯ ಬನಿಯನ್ ಬಟ್ಟೆ, ಮುಕ್ಕಾಲು ಗಂಟೆ. ವಾರವಿಡೀ ಹನ್ನೊಂದನೇ ತರಗತಿಯ ಮಕ್ಕಳಿಗೆ ಫಿಸಿಕ್ಸ್ ಹೇಳುವವಳಿಗೆ ಯಾರೂ ಪ್ರಶ್ನೆ ಕೇಳದ ಮುಕ್ಕಾಲು ಗಂಟೆ ಎಂದರೆ ಸಣ್ಣ ಸುಖವಲ್ಲ. ಅದಕ್ಕೆ ಕುತ್ತು ಬಂದದ್ದು ಬಲಭುಜದಿಂದ. 2022ರಲ್ಲಿ ಫ್ರೋಜನ್ ಶೋಲ್ಡರ್ ಎಂದರು ಡಾಕ್ಟರು. ಹತ್ತು ತಿಂಗಳ ವ್ಯಾಯಾಮದ ಮೇಲೆ ಕೈ ತಲೆಯ ಮೇಲಕ್ಕೆ ಏಳತೊಡಗಿತು. ಆದರೆ ತುಂಬಿದ ಬಕೆಟ್ ಎತ್ತುವುದು, ಒದ್ದೆ ಬಟ್ಟೆ ಹಿಂಡುವುದು ಇವೆರಡು ಮಾತ್ರ ಕೈಗೆ ಹಿಂತಿರುಗಲಿಲ್ಲ.

ವಾಚ್‌ಮನ್‌ಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ವಾಚ್‌ಮನ್ ಅಣ್ಣ ಆರು ಕಾರು ಒರೆಸುತ್ತಾರೆ, ಬೆಳಗಿನ ಐದರಿಂದ ಏಳರೊಳಗೆ. ನಿಯತ್ತಿನ ಮನುಷ್ಯ, ಒಂದು ದಿನ ತಪ್ಪಿಸುವುದಿಲ್ಲ. ಆದರೆ ಬಟ್ಟೆ ಒಂದೇ. ನಮ್ಮ ಕಡೆ ಮೆಟ್ರೋ ರೈಲಿನ ಎರಡನೇ ಹಂತದ ಕಾಮಗಾರಿ ನಡೆಯುತ್ತಿರುವುದರಿಂದ ಕಾರಿನ ಮೇಲೆ ಕೂರುವುದು ಬರೀ ಧೂಳಲ್ಲ, ಸಿಮೆಂಟು ಮತ್ತು ಕಲ್ಲಿನ ಪುಡಿ. ಅದರ ಮೇಲೆ ಬಟ್ಟೆ ಎಳೆದರೆ ಉಪ್ಪುಕಾಗದ ಎಳೆದ ಹಾಗೆ. ಬಿಸಿಲಲ್ಲಿ ನಿಂತು ನೋಡಿದರೆ ಬಣ್ಣದ ಮೇಲೆ ಜೇಡರಬಲೆಯ ಹಾಗೆ ಸುತ್ತಸುತ್ತ ಗೀರುಗಳು ಕಾಣುತ್ತವೆ. ನನ್ನ ಕಾರು ಕಡುನೀಲಿ. ಕಡುಬಣ್ಣದಲ್ಲಿ ಒಂದೊಂದು ಗೀರೂ ಮಾತಾಡುತ್ತದೆ.

ಪ್ರೆಶರ್ ವಾಷರಿನ ನಿಜವಾದ ಕೆಲಸ ಇಲ್ಲಿದೆ. ಬಟ್ಟೆಯಾಗಲಿ ಕೈಯಾಗಲಿ ಬಣ್ಣಕ್ಕೆ ತಾಗುವ ಮೊದಲು ಆ ಕಲ್ಲುಪುಡಿಯನ್ನು ನೀರೇ ಎತ್ತಿಕೊಂಡು ಹೋಗಬೇಕು. ಉಳಿದದ್ದೆಲ್ಲ, ನೊರೆ ಉಗುಳುವ ಬಾಟಲಿ, ತಿರುಗುವ ಬ್ರಷ್ಷು, ಅಂಗಳದ ಪಾಚಿ ಕೀಳುವ ವಿಡಿಯೋಗಳು, ಸಂತೆಯ ಸದ್ದು. ಈ ಕೆಲಸಕ್ಕೆ ಎಷ್ಟು ಒತ್ತಡ ಬೇಕು ಎಂಬುದಷ್ಟೇ ಪ್ರಶ್ನೆ ಎಂದುಕೊಂಡು ಜನ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರೂ ಅದೊಂದಕ್ಕೇ ಉತ್ತರ ಇಟ್ಟುಕೊಂಡು ಕೂತಿರುತ್ತಾರೆ.

ನಾವು ಹೋದದ್ದು ಪ್ಯಾರೀಸ್ ಕಾರ್ನರ್ ಹತ್ತಿರದ ಗಲ್ಲಿಗೆ. ಪಂಪು, ಮೋಟಾರು, ಬೇರಿಂಗುಗಳ ಲೋಕ ಅದು. ಅಂಗಡಿಯವರು ಮೂರು ಡಬ್ಬ ಇಳಿಸಿ ಒತ್ತಡ ಎಂದರೇನೆಂದು ವಿವರಿಸಲು ಶುರುಮಾಡಿದರು. ಪೂರಾ ಹತ್ತು ನಿಮಿಷ ವಿವರಿಸಿದರು, ನನ್ನ ಗಂಡನಿಗೆ. ಇವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಾನು ಅಷ್ಟರಲ್ಲಿ ಡಬ್ಬಗಳ ಪಕ್ಕದ ಸಣ್ಣಕ್ಷರ ಓದಿ ಮುಗಿಸಿದ್ದೆ.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಬಾರ್. ಒಂದು ಬಾರ್ ಎಂದರೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕಿಲೋ ತೂಕ ಕೂತಷ್ಟು ಒತ್ತಡ. ಕೆಲವು ಡಬ್ಬಗಳು ಪಿಎಸ್‌ಐ ಎಂದು ಬರೆಯುತ್ತವೆ, ಅಂಕಿ ದೊಡ್ಡದಾಗಿ ಕಾಣಲಿ ಎಂದು. 14.5ರಿಂದ ಭಾಗಿಸಿದರೆ ಬಾರ್ ಸಿಗುತ್ತದೆ. ಎರಡನೆಯ ಅಂಕಿ ನೀರಿನ ಹರಿವು, ನಿಮಿಷಕ್ಕೆ ಇಷ್ಟು ಲೀಟರ್ ಅಥವಾ ಗಂಟೆಗೆ ಇಷ್ಟು ಲೀಟರ್. ಮೂರನೆಯದು ಮೋಟಾರಿನ ವಾಟ್. ಈ ಮೂರೂ ಒಂದಕ್ಕೊಂದು ಕಟ್ಟುಬಿದ್ದವು. ನೀರನ್ನು ಒತ್ತಡಕ್ಕೆ ಏರಿಸಿ ತಳ್ಳಲು ಬೇಕಾದ ಶಕ್ತಿ ಎಷ್ಟೆಂದು ತಿಳಿಯಲು ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ, ಬಂದದ್ದನ್ನು 0.6ರಿಂದ ಭಾಗಿಸಬೇಕು. ಉತ್ತರ ವಾಟ್‌ಗಳಲ್ಲಿ ಬರುತ್ತದೆ. 100 ಬಾರ್, 6 ಲೀಟರ್ ಆದರೆ 600ನ್ನು 0.6ರಿಂದ ಭಾಗಿಸಿ, 1000 ವಾಟ್. ಮೋಟಾರು ಪಂಪುಗಳಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ, ಸದ್ದಾಗಿ ಸೋರಿಹೋಗುವುದರಿಂದ 1400 ವಾಟ್ ಮೋಟಾರು ಇದನ್ನು ಮಾಡಬಲ್ಲದು. ಲೆಕ್ಕ ಕೂಡುತ್ತದೆ.

ಅಂಗಡಿಯವರು ಎಲ್ಲಕ್ಕಿಂತ ಹೊಗಳಿದ ಡಬ್ಬದ ಮೇಲೆ 200 ಬಾರ್, 10 ಲೀಟರ್, 1800 ವಾಟ್ ಎಂದಿತ್ತು. ಗುಣಿಸಿ ಭಾಗಿಸಿದರೆ 3300 ವಾಟ್‌ಗೂ ಮೇಲೆ. 1800 ವಾಟ್ ತೆಗೆದುಕೊಂಡು 3300 ವಾಟ್ ಕೊಡುವ ಯಂತ್ರ ಇದ್ದರೆ ಅದನ್ನು ಕಾರು ತೊಳೆಯಲು ಬಳಸುವುದು ವ್ಯರ್ಥ, ಊರಿಗೆ ಕರೆಂಟು ಕೊಡಬಹುದು. ಪೂರ್ತಿ ಸುಳ್ಳು ಎನ್ನುವಂತೆಯೂ ಇಲ್ಲ. ಗನ್ನಿನ ಕುದುರೆ ಬಿಟ್ಟು ನೀರು ನಿಂತ ಕ್ಷಣದಲ್ಲಿ ಒತ್ತಡ ಅಷ್ಟು ಏರಬಹುದು, ನಾಝಲ್ ತೆಗೆದಿಟ್ಟರೆ ನೀರು ಅಷ್ಟು ಹರಿಯಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ ಅಷ್ಟೇ. ಬೆಳಿಗ್ಗೆ ಕಂಡ ಅತಿ ಹೆಚ್ಚು ಎತ್ತರವನ್ನೂ ಸಂಜೆ ಕಂಡ ಅತಿ ಹೆಚ್ಚು ವೇಗವನ್ನೂ ಕೂಡಿಸಿ ಒಂದೇ ಹಕ್ಕಿಯ ಜಾತಕ ಬರೆದ ಹಾಗೆ. ಸಣ್ಣಕ್ಷರದಲ್ಲಿ ರೇಟೆಡ್ ಅಥವಾ ವರ್ಕಿಂಗ್ ಪ್ರೆಶರ್ ಎಂದು ಇನ್ನೊಂದು ಅಂಕಿ ಇರುತ್ತದೆ. ಕೆಲಸ ಮಾಡುವುದು ಅದು. ಅದು ಇಲ್ಲದ ಡಬ್ಬವನ್ನು ನಾನು ಮುಟ್ಟಲಿಲ್ಲ.

ಕಾರಿನ ಬಣ್ಣಕ್ಕೆ 80ರಿಂದ 120 ಬಾರ್ ಧಾರಾಳ. ಇನ್ನೂ ಹೆಚ್ಚು ಬೇಕೆನ್ನುವವರು ಒಂದು ಸಲ ಈ ಲೆಕ್ಕವನ್ನೂ ನೋಡಬೇಕು. 100 ಬಾರ್ ಒತ್ತಡದಲ್ಲಿ ನಾಝಲಿನ ತುಟಿಯಿಂದ ಹೊರಡುವ ನೀರಿನ ವೇಗ ಸೆಕೆಂಡಿಗೆ ಸುಮಾರು 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್. ಒಂದಡಿ ದೂರ ಹೋಗುವಷ್ಟರಲ್ಲಿ ಅದು ಹನಿಹನಿಯಾಗಿ ಒಡೆದು ಗಾಳಿಗೆ ಸೋತು ಸೌಮ್ಯವಾಗುತ್ತದೆ. ಒಂದು ಅಂಗುಲದಲ್ಲಿ ಹಿಡಿದರೆ ಕಲ್ಲೇಟು ಬಿದ್ದು ಎದ್ದ ಬಣ್ಣವನ್ನು ಚಕ್ಕೆಯಾಗಿ ಕೀಳುತ್ತದೆ, ಟೈರಿನ ಮಗ್ಗುಲನ್ನು ಒಳಗೊಳಗೇ ಕೆಡಿಸುತ್ತದೆ, ಕೈಗೆ ಹಿಡಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಂಥ ಗಾಯ ಹೊರಗೆ ಸೂಜಿಚುಚ್ಚಿನಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು. ಮಕ್ಕಳ ಕೈಗೆ ಈ ಗನ್ನು ಆಟಕ್ಕೂ ಕೊಡಬೇಡಿ, ಬರಿಗಾಲಲ್ಲಿ ನಿಂತು ತೊಳೆಯಬೇಡಿ.

ನನ್ನ ಭುಜಕ್ಕೆ ಸಂಬಂಧಪಟ್ಟ ಲೆಕ್ಕ ಇನ್ನೊಂದಿತ್ತು. ನೀರು ಮುಂದಕ್ಕೆ ಹಾರಿದಷ್ಟೂ ಗನ್ನು ಹಿಂದಕ್ಕೆ ಒದೆಯುತ್ತದೆ, ನ್ಯೂಟನ್ನನ ಮೂರನೆಯ ನಿಯಮ. 100 ಬಾರ್, 6 ಲೀಟರಿನಲ್ಲಿ ಆ ಒದೆತ ಸುಮಾರು ಒಂದೂವರೆ ಕಿಲೋ. 150 ಬಾರ್, 8 ಲೀಟರಿಗೆ ಹೋದರೆ ಎರಡು ಕಿಲೋ ದಾಟುತ್ತದೆ. ಏಳು ನಿಮಿಷ ಅದನ್ನು ತಡೆದು ನಿಲ್ಲುವುದು ನನ್ನ ಕೈ. ಡಬ್ಬದ ಮೇಲಿನ ಅಂಕಿ ದೊಡ್ಡದಾದಷ್ಟೂ ನನಗೆ ಆ ಯಂತ್ರ ಕೆಟ್ಟದ್ದು ಎಂದು ಅಲ್ಲಿಯೇ ತೀರ್ಮಾನವಾಯಿತು. ಏನೂ ಕೊಳ್ಳದೆ ಹೊರಟಾಗ ಅಂಗಡಿಯವರು ಇವರಿಗೆ, "ಸರ್, ಮೇಡಂ ಒಪ್ಪಲಿಲ್ಲವಾ" ಎಂದು ಕೇಳಿದರು.

ಮನೆಗೆ ಬಂದು ನೀರಿನ ಲೆಕ್ಕಕ್ಕೆ ಕೂತೆ. ಸಂಘದ ಕಾರ್ಯದರ್ಶಿಗಳು ನಿವೃತ್ತ ರೈಲ್ವೆ ಅಧಿಕಾರಿ. ಕಾಗದದ ಮೇಲೆ ಅಂಕಿ ಇಲ್ಲದೆ ಅವರ ಮುಂದೆ ಮಾತು ನಡೆಯುವುದಿಲ್ಲ. ಮೊದಲು ಪಾರ್ಕಿಂಗಿನ ನಲ್ಲಿಗೆ ಪೈಪು ಹಾಕಿ 20 ಲೀಟರಿನ ಬಕೆಟ್ಟು ತುಂಬಿಸಿದೆ, 85 ಸೆಕೆಂಡು. ಅಂದರೆ ನಿಮಿಷಕ್ಕೆ 14 ಲೀಟರ್. ಪೈಪಿನಲ್ಲಿ ಕಾರು ತೊಳೆಯುವವರು ಸೋಪು ಹಚ್ಚುವಾಗಲೂ ಪೈಪನ್ನು ನೆಲಕ್ಕೆ ಹಾಕಿ ಹರಿಯಬಿಡುತ್ತಾರೆ. 12 ನಿಮಿಷ ಹಿಡಿದರೂ 168 ಲೀಟರ್ ಆಯಿತು. 6 ಲೀಟರಿನ ಪ್ರೆಶರ್ ವಾಷರಿನಲ್ಲಿ ಕುದುರೆ ಒತ್ತಿದಾಗ ಮಾತ್ರ ನೀರು. ಏಳು ನಿಮಿಷಕ್ಕೆ 42 ಲೀಟರ್, ಜೊತೆಗೆ ಸೋಪುನೀರಿಗೆ ಅರ್ಧ ಬಕೆಟ್.

ಯಂತ್ರ ಮಾರುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಕ್ಕಾಲು ಪಾಲು ನೀರು ಉಳಿತಾಯ ಎಂದು ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ಬಿಡಿಸುತ್ತಾರೆ. ಆದರೆ ನಮ್ಮ ಕಟ್ಟಡದಲ್ಲಿ ಯಾರೂ ಪೈಪು ಹಿಡಿಯುವುದಿಲ್ಲ, ಹಿಡಿದರೆ ದಂಡ. ಇಲ್ಲಿ ಹೋಲಿಸಬೇಕಾದದ್ದು ಬಕೆಟ್ಟಿಗೆ. ನನ್ನ ಎರಡು ಬಕೆಟ್ಟು ಸೇರಿ 32 ಲೀಟರ್. ವಾಚ್‌ಮನ್ ಅಣ್ಣನದು ಕಾರಿಗೆ ಒಂದೇ ಬಕೆಟ್ಟು, 16 ಲೀಟರ್, ಕೆಲವು ದಿನ ಎರಡು ಕಾರಿಗೆ ಅದೇ. ಅವರ ಲೆಕ್ಕದ ಮುಂದೆ ಜರ್ಮನಿಯ ಯಂತ್ರವೂ ಸೋಲುತ್ತದೆ. ಹಾಗಾಗಿ ಪ್ರೆಶರ್ ವಾಷರ್ ನೀರು ಉಳಿಸುತ್ತದೆ ಎಂಬ ಮಾತು ಪೈಪಿನವರಿಗೆ ನಿಜ, ಬಕೆಟ್ಟಿನವರಿಗೆ ಸುಳ್ಳು. ಕಾರ್ಯದರ್ಶಿಗಳಿಗೆ ಕೊಟ್ಟ ಕಾಗದದಲ್ಲಿ ನಾಲ್ಕೂ ಅಂಕಿಗಳನ್ನು ಬರೆದೆ, ಅಣ್ಣನ ಹದಿನಾರು ಲೀಟರನ್ನೂ. ವಾರಕ್ಕೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇನೆ, ಆಗ ಬಕೆಟ್ಟಿಗಿಂತ ಹೆಚ್ಚು ನೀರು ಖರ್ಚಾಗುವುದಿಲ್ಲ ಎಂದೂ ಬರೆದೆ.

ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ಹೇಳಿದ್ದು ಬೇರೆಯೇ. "ಮೇಡಂ, ನೀರು ಎಷ್ಟು ಹೋಗುತ್ತೆ ಅಂತ ಬರೆದಿದ್ದೀರಿ. ಎಲ್ಲಿಗೆ ಹೋಗುತ್ತೆ ಅಂತ ಬರೆದಿಲ್ಲ."

ಮಳೆನೀರು ಇಂಗಿಸುವುದನ್ನು ತಮಿಳುನಾಡಿನಲ್ಲಿ 2003ರಲ್ಲೇ ಕಡ್ಡಾಯ ಮಾಡಿದ್ದಾರೆ. ನಮ್ಮ ಪಾರ್ಕಿಂಗಿನ ಇಳಿಜಾರು ಒಂದು ಇಂಗುಬಾವಿಗೆ ಹೋಗುತ್ತದೆ. ಆ ಬಾವಿಯಿಂದ ಎಂಟು ಹೆಜ್ಜೆಗೆ ನಮ್ಮ ಬೋರು. ಕಾರಿನ ಸೋಪು, ಗ್ರೀಸು, ಬ್ರೇಕಿನ ಕರಿಪುಡಿ ಎಲ್ಲ ಅಲ್ಲಿ ಇಳಿದರೆ ನಾಳೆ ನಾವೇ ಮೇಲೆತ್ತುತ್ತೇವೆ. ಬಕೆಟ್ಟು ಬಟ್ಟೆಯಲ್ಲಿ ಒರೆಸುವಾಗ ನೀರು ನೆಲಕ್ಕೆ ಇಳಿಯುವುದೇ ಕಡಿಮೆ, ಕೊಳೆನೀರನ್ನು ಮೋರಿಗೆ ಚೆಲ್ಲುತ್ತಾರೆ. ಯಂತ್ರದಲ್ಲಿ 42 ಲೀಟರೂ ನೆಲಕ್ಕೇ. ಅವರ ಈ ಒಂದು ಮಾತು ನನ್ನ ಇಡೀ ಕಾಗದಕ್ಕಿಂತ ತೂಕದ್ದಾಗಿತ್ತು. ಕೊನೆಗೆ ಗೇಟಿನ ಬಳಿಯ ಮೂಲೆಯೊಂದನ್ನು ಇಬ್ಬರೂ ನಿಂತು ನೋಡಿ ಗೊತ್ತುಮಾಡಿದೆವು. ಅಲ್ಲಿಯ ಇಳಿಜಾರು ಒಳಚರಂಡಿಯ ಕಡೆಗೆ. ಒಂದು ಮಗ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ಕಾದೆವು. ನಿಮ್ಮ ಮನೆಯಲ್ಲೂ ಯಂತ್ರ ಕೊಳ್ಳುವ ಮೊದಲು ಈ ಒಂದು ಮಗ್ ನೀರು ಖರ್ಚುಮಾಡಿ ನೋಡಿ.

ಜಾಗ ಗೊತ್ತಾದ ಮೇಲೆ ಯಂತ್ರದ ಆಯ್ಕೆ ಅರ್ಧ ತಾನಾಗಿಯೇ ಆಗಿಹೋಯಿತು. ಗೇಟಿನ ಮೂಲೆಯಲ್ಲಿ ನಲ್ಲಿ ಇಲ್ಲ. ನಲ್ಲಿ ಇಲ್ಲದ ಕಡೆ ಡ್ರಮ್ಮಿನಿಂದ ನೀರನ್ನು ತಾನೇ ಎಳೆದುಕೊಳ್ಳುವ ಯಂತ್ರ ಬೇಕು, ಡಬ್ಬದ ಮೇಲೆ ಸೆಲ್ಫ್ ಸಕ್ಷನ್ ಅಥವಾ ಸೆಲ್ಫ್ ಪ್ರೈಮಿಂಗ್ ಎಂದಿರುತ್ತದೆ. ನಲ್ಲಿ ಇದ್ದವರಿಗೂ ಇದು ಬೇಕಾಗಬಹುದು. ಪ್ರತಿ 10 ಮೀಟರ್ ಎತ್ತರಕ್ಕೆ ನೀರು ಕೊಡುವ ಒತ್ತಡ ಒಂದು ಬಾರ್. ಮೂರು ಮಹಡಿಯ ಮೇಲೆ ಟ್ಯಾಂಕಿದ್ದರೆ ಕೆಳಗೆ ಅಷ್ಟು ಸಿಗುತ್ತದೆ. ಒಂದೇ ಮಹಡಿಯ ಸ್ವಂತ ಮನೆಯಲ್ಲಿ ಅದರ ಅರ್ಧವೂ ಇರುವುದಿಲ್ಲ, ನಲ್ಲಿ ಸಣ್ಣಗೆ ಬರುತ್ತದೆ. ಯಂತ್ರ ಕೇಳಿದಷ್ಟು ನೀರು ನಲ್ಲಿ ಕೊಡದಿದ್ದರೆ ಪಂಪು ಗಾಳಿ ನುಂಗಿ ಗೊರಗೊರ ಎನ್ನುತ್ತದೆ, ಬೇಗ ಸವೆಯುತ್ತದೆ. ಬಕೆಟ್ಟಿನ ಪರೀಕ್ಷೆ ಇದಕ್ಕೂ ಸಾಕು. 20 ಲೀಟರ್ ತುಂಬಲು ನಿಮ್ಮ ನಲ್ಲಿಗೆ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಡ್ರಮ್ಮೇ ಗತಿ.

ಡ್ರಮ್ಮಿನಿಂದ ಎಳೆಯುವುದಕ್ಕೆ ಒಂದು ಕ್ರಮ ಇದೆ. ಎಳೆಯುವ ಪೈಪನ್ನು ಪೂರ್ತಿ ಮುಳುಗಿಸಿ ನೀರು ತುಂಬಿಸಿಕೊಂಡೇ ಯಂತ್ರಕ್ಕೆ ಜೋಡಿಸಬೇಕು, ತುದಿಗೆ ಜಾಲರಿ ಇರಲೇಬೇಕು, ಡ್ರಮ್ಮು ಯಂತ್ರಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿದ್ದರೆ ಎಲ್ಲರಿಗೂ ಸುಖ. ಗನ್ನು ಒತ್ತಿಹಿಡಿದು ಗಾಳಿಯೆಲ್ಲ ಹೋಗುವವರೆಗೆ ಕಾಯಬೇಕು.

ಮೋಟಾರಿನಲ್ಲಿ ಎರಡು ಜಾತಿ. ಕಾರ್ಬನ್ ಬ್ರಷ್ ಇರುವ ಹಗುರ ಮೋಟಾರು ಗದ್ದಲ ಮಾಡುತ್ತದೆ, ಬ್ರಷ್ ಸವೆಯುತ್ತದೆ. ಇಂಡಕ್ಷನ್ ಮೋಟಾರು ತೂಕದ್ದು, ದುಬಾರಿ, ಆದರೆ ಸದ್ದು ಕಡಿಮೆ, ಬಾಳಿಕೆ ಹೆಚ್ಚು. ತಿಳಿದವರೆಲ್ಲ ಇಂಡಕ್ಷನ್ ತಗೊಳ್ಳಿ ಎಂದೇ ಹೇಳಿದರು. ಹತ್ತು ಕಾರು ತೊಳೆಯುವ ಸರ್ವಿಸ್ ಸ್ಟೇಶನ್ನಿಗೆ ಅದು ಸರಿ. ನನ್ನ ಯಂತ್ರ ವಾರಕ್ಕೆ ಏಳು ನಿಮಿಷದಂತೆ ಓಡಿದರೂ ವರ್ಷಕ್ಕೆ ಆರು ಗಂಟೆ, ಹದಿನೈದು ದಿನಕ್ಕೊಮ್ಮೆ ಆದರೆ ಮೂರು. ವರ್ಷಕ್ಕೆ ಮೂರು ಗಂಟೆ ಓಡುವ ಮೋಟಾರಿನ ಆಯುಷ್ಯಕ್ಕೆ ದುಪ್ಪಟ್ಟು ದುಡ್ಡು ಸುರಿಯುವುದೇಕೆ? ನಾನು ಕೈಯಲ್ಲಿ ಎತ್ತಲಾಗುವಂಥ, ಚಕ್ರ ಇರುವ ಹಗುರವಾದದ್ದನ್ನೇ ತೆಗೆದುಕೊಂಡೆ. ಸದ್ದಿಗೆ ಭಾನುವಾರ ಒಂಬತ್ತು ಗಂಟೆಯ ಮೇಲೆ ಎಂದು ನಾನೇ ನೇಮ ಹಾಕಿಕೊಂಡೆ.

ಕುದುರೆ ಬಿಟ್ಟರೆ ಮೋಟಾರು ತಾನೇ ನಿಲ್ಲುವ ವ್ಯವಸ್ಥೆ ಇರಲೇಬೇಕು, ಈಗ ಹೆಚ್ಚಿನವುಗಳಲ್ಲಿ ಇರುತ್ತದೆ. ಪ್ಲಗ್ಗು 16 ಆಂಪಿನದಾಗಿರಬೇಕು. ಎಕ್ಸ್‌ಟೆನ್ಶನ್ ಎಳೆಯುವುದಾದರೆ ದಪ್ಪ ವೈರು, ಸಿಕ್ಕು ಬಿಡಿಸಿ ಪೂರ್ತಿ ಹರಡಿದ್ದು. ಒದ್ದೆ ನೆಲದಲ್ಲಿ ನಿಂತು ಮಾಡುವ ಕೆಲಸ, ಆ ಸಾಕೆಟ್ಟಿಗೆ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದು ನೋಡದೆ ಶುರುಮಾಡಬೇಡಿ.

ಯಾರೂ ಹೇಳದ ವಿಷಯ ಪೈಪಿನ ಉದ್ದ. ಅಗ್ಗದ ಯಂತ್ರಗಳ ಜೊತೆ ಬರುವುದು ಐದು ಮೀಟರಿನ, ಹಾವಿನ ಹಾಗೆ ಸುತ್ತಿಕೊಂಡೇ ಇರುವ ಬಿರುಸು ಪೈಪು. ಕಾರಿನ ಉದ್ದ ನಾಲ್ಕು ಮೀಟರ್. ಒಂದು ಸುತ್ತು ಬರಲು ಯಂತ್ರವನ್ನು ಮೂರು ಸಲ ಎಳೆದಾಡಬೇಕು, ಮುರುಟಿದ ಪೈಪು ಗನ್ನನ್ನು ಪ್ರತಿ ಸಲ ಆಚೆ ತಿರುಚುತ್ತದೆ. ನನ್ನ ಭುಜಕ್ಕೆ ನೀರಿನ ಒದೆತಕ್ಕಿಂತ ಈ ತಿರುಚಾಟವೇ ಹೆಚ್ಚು ಕಷ್ಟ. ಎಂಟು ಮೀಟರಿನ ಮೆದು ಪೈಪಿರುವುದನ್ನು ಹುಡುಕಿದೆ, ಉದ್ದನೆಯ ಕೊಳವೆ ಬಿಚ್ಚಿಟ್ಟು ಗಿಡ್ಡ ಗನ್ನಿನಲ್ಲೇ ಕೆಲಸ ಮಾಡಲಾಗುತ್ತದೆಯೇ ಎಂದು ಕೇಳಿದೆ. ಒಟ್ಟು ಖರ್ಚು 9000 ರೂಪಾಯಿಯ ಒಳಗೆ. ಯಾವ ಕಂಪನಿ ಎಂದು ಬರೆಯುವುದಿಲ್ಲ. ಮಾಡೆಲ್ಲುಗಳು ವರ್ಷಕ್ಕೊಮ್ಮೆ ಹೆಸರು ಬದಲಿಸುತ್ತವೆ, ಲೆಕ್ಕ ಬದಲಾಗುವುದಿಲ್ಲ. ಹಾಗೆ ನೋಡಿದರೆ ಮನೆಗೆ ತರುವಂಥ ಯಂತ್ರವೇ ಹಳೆಯದಲ್ಲ. ಆಲ್ಫ್ರೆಡ್ ಕಾರ್ಚರ್ ಎಂಬ ಜರ್ಮನ್ ಎಂಜಿನಿಯರ್ ಯುರೋಪಿನ ಮೊದಲ ಬಿಸಿನೀರಿನ ಪ್ರೆಶರ್ ವಾಷರ್ ಮಾಡಿದ್ದು 1950ರಲ್ಲಿ. ಆ ಕಂಪನಿ ಮನೆಬಳಕೆಗೆ ಎತ್ತಿಕೊಂಡು ಹೋಗುವಂಥದ್ದನ್ನು ತಂದದ್ದು 1984ರಲ್ಲಿ.

ನಾಝಲುಗಳಿಗೆ ಬಣ್ಣದ ಗುರುತು ಇರುತ್ತದೆ. ಕೆಂಪು ನೇರ ಸೂಜಿಧಾರೆ, ಹಳದಿ 15 ಡಿಗ್ರಿ, ಹಸಿರು 25, ಬಿಳಿ 40, ಕಪ್ಪು ಸೋಪಿನದು. ಕಾರಿಗೆ ಬಿಳಿ, ಚಕ್ರದ ಮೇಲಿನ ಕಮಾನಿನ ಒಳಗೆ ಹಸಿರು. ಕೆಂಪು ಮತ್ತು ಗಿರಗಿರ ತಿರುಗುವ ಟರ್ಬೋ ನಾಝಲನ್ನು ನಾನು ಡಬ್ಬದಿಂದ ತೆಗೆದೇ ಇಲ್ಲ. ಗನ್ನು ಕಾರಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರ, ಸುಮಾರು ಒಂದಡಿ. ಮೇಲಿನಿಂದ ಕೆಳಕ್ಕೆ. ನೊರೆ ಬಾಟಲಿ ಬೇಕೇಬೇಕು ಎನ್ನುವವರು ಅದರೊಳಗಿನ ತೂತು 1.1 ಮಿಲಿಮೀಟರ್ ಇರುವುದನ್ನು ಕೇಳಿ ತನ್ನಿ. ದೊಡ್ಡ ಯಂತ್ರಗಳಿಗಾಗಿ ಮಾಡಿದ 1.25ರ ತೂತಿನಲ್ಲಿ ನಮ್ಮ ಆರು ಲೀಟರಿಗೆ ನೊರೆಯ ಬದಲು ಸೋಪಿನ ಗಂಜಿ ಬರುತ್ತದೆ.

ಇನ್ನು ನೀರಿನ ಗುಣ. ಹೈದರಾಬಾದಿನವರು, ಪುಣೆಯ ಹೊರವಲಯದವರು, ದೆಹಲಿಯವರು ಇದನ್ನು ಚೆನ್ನಾಗಿ ಬಲ್ಲಿರಿ. ಬೋರಿನ ಗಡಸು ನೀರು ಕಾರಿನ ಮೇಲೆ ಒಣಗಿದರೆ ಬಿಳಿ ಚುಕ್ಕೆಗಳಾಗಿ ಕೂರುತ್ತದೆ, ಬಿಸಿಲಲ್ಲಾದರೆ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ನೀರು ಉಳಿಸಬೇಕೆಂದು ಆರ್‌ಓ ಯಂತ್ರ ಹೊರಬಿಡುವ ನೀರನ್ನು ಹಿಡಿದಿಟ್ಟು ಬಳಸುವವರಿದ್ದಾರೆ. ಆಲೋಚನೆ ಒಳ್ಳೆಯದು, ಆದರೆ ಆ ನೀರಿನಲ್ಲಿ ಬೋರಿನದಕ್ಕಿಂತ ಹೆಚ್ಚು ಲವಣ ಇರುತ್ತದೆ. ನಾನು ಅದನ್ನು ಚಕ್ರ ಮತ್ತು ಪಾದದೊರಸು ಚಾಪೆಗಳಿಗೆ ಮಗ್ಗಿನಲ್ಲಿ ಸುರಿಯುತ್ತೇನೆ, ಬಣ್ಣದ ಮೇಲೆ ಹಾಕುವುದಿಲ್ಲ, ಪಂಪಿನೊಳಕ್ಕೂ ಬಿಡುವುದಿಲ್ಲ. ಕೊನೆಯ ಒರೆಸುವಿಕೆಗೆ ಇರುವುದು ಎಸಿ ನೀರು. ಚೆನ್ನೈನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ, ಎಸಿ ರಾತ್ರಿಯಿಡೀ ಅದನ್ನು ಹಿಂಡಿ ಹೊರಗೆ ತೊಟ್ಟಿಕ್ಕಿಸುತ್ತದೆ. ಗಾಳಿಯಲ್ಲಿದ್ದ ಆವಿ ತಣಿದು ನೀರಾದದ್ದರಿಂದ ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಶನಿವಾರ ರಾತ್ರಿ ಪೈಪಿನ ಬಾಯಿಗೆ ಬಕೆಟ್ಟು ಇಟ್ಟರೆ ಬೆಳಿಗ್ಗೆಗೆ ಅರ್ಧ ತುಂಬಿರುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ ಒರೆಸಿದರೆ ಒಂದು ಚುಕ್ಕೆ ಉಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ನೀರಿನ ಪೈಪು ತೆಗೆದು, ಗನ್ನು ಒತ್ತಿಹಿಡಿದು, ಒಳಗಿನ ನೀರನ್ನೆಲ್ಲ ಹೊರಹಾಕಬೇಕು. ಗಡಸು ನೀರು ಪಂಪಿನೊಳಗೆ ಒಣಗಿದರೆ ಕವಾಟಗಳು ಕಚ್ಚಿಕೊಳ್ಳುತ್ತವೆ.

ಆ ವರ್ಷ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ನಮ್ಮ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರು. ಮುನ್ನಾದಿನವೇ ಕಾರನ್ನು ಎತ್ತರದ ರಸ್ತೆಯಲ್ಲಿ ನಿಲ್ಲಿಸಿ ಬಂದಿದ್ದೆ, ಯಂತ್ರವನ್ನು ಮೇಲೆ ಮನೆಯೊಳಗೆ ತಂದಿಟ್ಟಿದ್ದೆ. ನೀರು ಇಳಿದ ಮೇಲೂ ಕರೆಂಟಿಲ್ಲ. ಸುತ್ತ ಎಲ್ಲಿ ನೋಡಿದರೂ ನೀರು, ಸಂಪಿನಲ್ಲಿ ಚರಂಡಿ ಬೆರೆತ ನೀರು, ಕುಡಿಯಲು ಮಾತ್ರ ಕ್ಯಾನು. ಮೂರನೆಯ ದಿನ ಕರೆಂಟು ಬಂದಾಗ ಕಾರ್ಯದರ್ಶಿಗಳೇ ಬಾಗಿಲು ತಟ್ಟಿದರು. "ಮೇಡಂ, ಆ ಮಷೀನು." ಗೋಡೆ, ಮೆಟ್ಟಿಲು, ಮೀಟರ್ ಪೆಟ್ಟಿಗೆಯ ಕೆಳಗಿನ ಕಟ್ಟೆ, ಮಕ್ಕಳ ಸೈಕಲ್ಲು, ಎಲ್ಲದಕ್ಕೂ ಬೆರಳುದಪ್ಪ ಕೆಸರು ಬಳಿದಿತ್ತು. ಸಂಘ ಒಂದು ಟ್ಯಾಂಕರು ತರಿಸಿತು. ಗನ್ನು ಹಿಡಿದದ್ದು ವಾಚ್‌ಮನ್ ಅಣ್ಣ. ಹತ್ತು ತಿಂಗಳು ಅದನ್ನು ದೂರದಿಂದ ಅನುಮಾನದಲ್ಲಿ ನೋಡಿದ್ದವರು ಅರ್ಧ ದಿನದಲ್ಲಿ ಬಿಳಿ ಹಸಿರು ನಾಝಲುಗಳ ವ್ಯತ್ಯಾಸವನ್ನು ನನಗಿಂತ ಚೆನ್ನಾಗಿ ಕಲಿತರು. ಸಾಯಂಕಾಲ ಪೈಪು ಸುತ್ತಿಡುತ್ತ, "ಇದು ನೆಲಕ್ಕೆ ಬಹಳ ಒಳ್ಳೇದು, ಟೀಚರಮ್ಮ. ಕಾರಿಗೆ ಬಟ್ಟೆಯೇ ಸಾಕು" ಎಂದರು. ಆರು ಕಾರಿನ ದುಡ್ಡು ಅವರ ಮಗಳ ಕಾಲೇಜು ಫೀಸಿಗೆ ಹೋಗುತ್ತದೆ. ಆ ಯಂತ್ರವನ್ನು ಸಂಘಕ್ಕೇ ಕೊಡಿ, ಯಾರು ಬೇಕಾದರೂ ಬಳಸಲಿ ಎಂಬ ಮಾತು ಮರುವಾರ ಸಭೆಯಲ್ಲಿ ಬಂದಾಗ ನಾನು ಒಪ್ಪಲಿಲ್ಲ. ಹತ್ತೂ ಮನೆಯವರು ಭಾನುವಾರ ಸರದಿ ನಿಂತರೆ ಸಂಪು ಏನಾಗುತ್ತದೆ, ಅಣ್ಣನ ಬೆಳಗು ಏನಾಗುತ್ತದೆ ಎಂದು ಕೇಳಿದೆ. ಕೆಸರಿಗೆ, ಮೆಟ್ಟಿಲಿಗೆ ಯಾವಾಗ ಬೇಕಾದರೂ ಒಯ್ಯಿರಿ ಎಂದೆ. ಹಾಗೇ ನಡೆದಿದೆ.

2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ತಂಗಿ ಫೋನು ಮಾಡಿದಳು. ಅಲ್ಲಿಯ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಸಾರಿತ್ತು. "ಅಕ್ಕ, ನಿನ್ನ ಕಾರಂಜಿ ನಮ್ಮಲ್ಲಾಗಿದ್ರೆ ಎರಡು ಸಲಕ್ಕೇ ಮಷೀನಿನ ದುಡ್ಡು ದಂಡ ಕಟ್ತಿದ್ದೆ" ಎಂದು ನಕ್ಕಳು. ಮಳೆ ಬಂದ ಮೇಲೆ ಅವಳೂ ಒಂದು ಕೊಳ್ಳುವ ಮನಸ್ಸು ಮಾಡಿದಳು. ಯಾವುದು ತಗೊಳ್ಳಲಿ ಎಂದು ಕೇಳಿದಾಗ ಬೋರೋ ಕಾವೇರಿಯೋ, ಇಳಿಜಾರು ಯಾವ ಕಡೆ, ನಲ್ಲಿ ಬಕೆಟ್ಟನ್ನು ಎಷ್ಟು ಹೊತ್ತಿಗೆ ತುಂಬುತ್ತದೆ, ಸಾಕೆಟ್ಟು ಎಷ್ಟು ಆಂಪಿನದು ಎಂದೆಲ್ಲ ಕೇಳಿದೆ. ಎಲ್ಲಕ್ಕೂ ಉತ್ತರ ಬರೆದು ಕಳಿಸಿದಳು, ಫೋಟೋ ಸಮೇತ. ಫೋಟೋ ನೋಡಿದ ಮೇಲೆ ಏನೂ ಬೇಡ, ಎರಡು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ತಗೋ ಸಾಕು ಎಂದೆ. ಅವಳ ಕಾರು ಬಿಳಿ, ಮೇಲೆ ಶೀಟಿನ ನೆರಳಿದೆ, ಭುಜವೂ ಗಟ್ಟಿಯಿದೆ.